ಹೆಸರಿಗೆಷ್ಟು ಬಡ್ಡಿ?

ಆಂಧ್ರದ ರಾಯದುರ್ಗ ಸೀಮೆಯ ನಮ್ಮ ಕಣೇಕಲ್ಲಿನಲ್ಲಿ ಮನೆ ಕಟ್ಟಿಸುವವರು ಮೊದಲು ಆಯ ನೋಡಿಸುತ್ತಾರೆ, ಆಮೇಲೆ ಮೇಸ್ತ್ರಿಯನ್ನು ಕರೆಸುತ್ತಾರೆ. ಬ್ಯಾಂಕಿನವರು ಕೇಳಿದರೆ ಮಾತ್ರ ರಾಯದುರ್ಗಕ್ಕೋ ಬಳ್ಳಾರಿಗೋ ಹೋಗಿ ಎಂಜಿನಿಯರೊಬ್ಬರಿಂದ ನಕ್ಷೆಯ ಹಾಳೆ ತರುತ್ತಾರೆ. ಆ ಹಾಳೆಗೂ ಕಟ್ಟಿದ ಮನೆಗೂ ಹೋಲಿಕೆ ಇರಲೇಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಇಂಥ ಊರಿನಲ್ಲಿ ನಮ್ಮ ಅಕ್ಕನ ಮಗಳು ಆರ್ಕಿಟೆಕ್ಟ್ ಆದಳು. ಐದು ವರ್ಷ ಓದಿ ಬಂದವಳನ್ನು ಬೀದಿಯ ಹಿರಿಯರೊಬ್ಬರು, "ಎಂಜಿನಿಯರಿಗೆ ನಾಲ್ಕೇ ವರ್ಷ ಸಾಕಲ್ಲಮ್ಮಾ, ನೀನೇನು ಒಂದು ವರ್ಷ ಫೇಲಾದೆಯಾ?" ಎಂದು ಅಕ್ಕರೆಯಿಂದಲೇ ವಿಚಾರಿಸಿದರು.

ಅವಳು ಬೆಂಗಳೂರಿನಲ್ಲಿ ಓದಿದ್ದರ ಹಿಂದೆ ಹಳೆಯ ಗಡಿಯ ಕಥೆಯಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಾದವು. ಆ ಲೆಕ್ಕ ಸ್ವಲ್ಪವಾದರೂ ಸರಿದೂಗಲೆಂಬಂತೆ ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಕಾಸರಗೋಡು, ಅಕ್ಕಲಕೋಟೆಗಳ ಜೊತೆ ರಾಯದುರ್ಗ, ಮಡಕಶಿರಾಗಳ ಕನ್ನಡದ ಮಕ್ಕಳಿಗೂ ಒಂದು ಸಾಲಿನ ಜಾಗ ಮಾಡಿಟ್ಟಿದ್ದಾರೆ. ಆ ಸಾಲು ಹಿಡಿದುಕೊಂಡೇ ಅವಳು ಬಿ.ಆರ್ಕ್ ಮುಗಿಸಿದಳು. ಮನೆಯಲ್ಲಿ ಚರ್ಚೆ ಎದ್ದದ್ದು ಎಂ.ಆರ್ಕ್ ಮಾಡುತ್ತೇನೆ ಎಂದಾಗ.

ನಮ್ಮ ಭಾವನವರು ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವವರು. ಓದು ಕಡಿಮೆ, ಆದರೆ ವಾದದಲ್ಲಿ ಲಾಯರನ್ನೂ ಕೂರಿಸಬಲ್ಲವರು. "ಓದಿದರೆ ಅಮೆರಿಕದ ದೊಡ್ಡ ಹೆಸರಿನ ಕಾಲೇಜಿನಲ್ಲೇ ಓದಲಿ" ಎಂದರು. "ಬೆಂಗಳೂರಿನ ಆರ್ಕಿಟೆಕ್ಟನ ಮಗನಿಗೆ ಅಪ್ಪನ ಆಫೀಸಿದೆ, ಅಪ್ಪನ ಗಿರಾಕಿಗಳಿದ್ದಾರೆ. ಕಣೇಕಲ್ಲಿನ ಹುಡುಗಿಗೆ ಯಾರಿದ್ದಾರೆ? ಕಾಲೇಜಿನ ಹೆಸರೇ ಅವಳಿಗೆ ನೆಂಟರು." ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹೆಸರಿನ ಹುಚ್ಚು ಹಣವಂತರಿಗೆ ಮಾತ್ರ ಇರುತ್ತದೆಂದು ತಿಳಿಯುವುದು ತಪ್ಪು. ಯಾರ ಶಿಫಾರಸೂ ಇಲ್ಲದವರಿಗೇ ಅದು ಹೆಚ್ಚು ಬೇಕಾಗುತ್ತದೆ.

ಅಕ್ಕ ಮಾತಾಡಲಿಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ತಂದು ನನ್ನ ಮುಂದಿಟ್ಟಳು. ಅದರ ಹಿಂದಿನ ಪುಟಗಳಲ್ಲಿ ಯೂರಿಯಾ, ಡಿಎಪಿ, ನಾಟಿ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಅವಳ ದುಂಡು ಅಕ್ಷರದಲ್ಲಿದ್ದವು. ಮುಂದಿನ ಖಾಲಿ ಪುಟದಲ್ಲಿ ನಾನು ಬರೆದೆ. ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರಿಗೂ ಮೇಲೆ. ಡಾಲರಿಗೆ 85 ರೂಪಾಯಿ ಹಿಡಿದರೂ 42 ಲಕ್ಷ ದಾಟುತ್ತದೆ. ಅದೂ ಒಂದು ವರ್ಷಕ್ಕೆ. ಊಟ, ವಸತಿ ಬೇರೆ. ಅರ್ಧ ವಿದ್ಯಾರ್ಥಿವೇತನ ಸಿಕ್ಕಿತೆಂದೇ ಇಟ್ಟುಕೊಂಡು 50 ಲಕ್ಷ ಸಾಲ ಮಾಡಿದರೆ, ಶೇ 10ರ ಬಡ್ಡಿಯಲ್ಲಿ 15 ವರ್ಷ ತಿಂಗಳಿಗೆ 53 ಸಾವಿರ ಚಿಲ್ಲರೆ ಕಂತು. ಕೊನೆಗೆ ಕಟ್ಟಿದ್ದು ಸುಮಾರು 97 ಲಕ್ಷ. ಡೈರಿಯಲ್ಲಿ ಅಷ್ಟು ಸೊನ್ನೆಗಳನ್ನು ಅಕ್ಕ ಅದುವರೆಗೆ ನೋಡಿರಲಿಲ್ಲ.

ಸಾಲಕ್ಕೆ ಜಾಮೀನು ಏನು ಎಂಬ ಮಾತು ಬಂತು. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಗದ್ದೆಯ ಮೇಲೆ ಅವಕ್ಕೆ ಅಷ್ಟು ಪ್ರೀತಿಯಿಲ್ಲ, ಮನೆಯೇ ಬೇಕು. ಮನೆ ಕಟ್ಟುವ ವಿದ್ಯೆ ಕಲಿಯಲು ಇರುವ ಮನೆಯನ್ನು ಅಡವಿಡಬೇಕು ಎಂದಾಯಿತು. ಭಾವನವರು ಎದ್ದು ಹೋಗಿ ಬಾಗಿಲ ಬಳಿ ಬೀಡಿ ಹಚ್ಚಿದರು.

ನಮ್ಮ ಸೀಮೆಯವರಿಗೆ ಕಟ್ಟಡದ ಖರ್ಚಿನ ವಿಷಯದಲ್ಲಿ ಬುದ್ಧಿ ಹೇಳಲು ಲೇಪಾಕ್ಷಿಯ ವಿರೂಪಣ್ಣನೇ ಇದ್ದಾನೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಬೊಕ್ಕಸ ನೋಡಿಕೊಳ್ಳುತ್ತಿದ್ದವನು ಅರಸನ ಅಪ್ಪಣೆಯಿಲ್ಲದೆ ಹಣವನ್ನೆಲ್ಲ ಗುಡಿಗೆ ಸುರಿದನಂತೆ, ಶಿಕ್ಷೆಗೆ ಮೊದಲೇ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಕೆಂಪು ಕಲೆಗಳನ್ನು ಈಗಲೂ ತೋರಿಸುತ್ತಾರೆ. ಕಲ್ಯಾಣ ಮಂಟಪ ಮಾತ್ರ ಅರ್ಧಕ್ಕೇ ನಿಂತಿದೆ. ಕಥೆ ನಿಜವೋ ಸುಳ್ಳೋ, ಅಂದಾಜುಪಟ್ಟಿ ಮೀರಿದ ಕೆಲಸಕ್ಕೆ ಹೆಸರು ಒಬ್ಬರದು, ಸಂಕಟ ಇನ್ನೊಬ್ಬರದು ಎಂಬುದನ್ನು ನಮ್ಮವರು ಅಂದೇ ಕಂಡುಕೊಂಡಿದ್ದರು.

ದೊಡ್ಡ ಶಾಲೆಯಲ್ಲಿ ಓದಿ ದೊಡ್ಡವರಾದವರಿಲ್ಲವೇ? ಇದ್ದಾರೆ. ಬೆಂಗಳೂರಿನ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯವನ್ನು ರೂಪಿಸಿದ ಅಚ್ಯುತ ಕಾನ್ವಿಂದೆ ಹಾರ್ವರ್ಡ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಗ್ರೋಪಿಯಸ್‌ ಅವರ ಶಿಷ್ಯರು. ಆದರೆ 1945ರಲ್ಲಿ ಅವರನ್ನು ಅಲ್ಲಿಗೆ ಕಳಿಸಿದ್ದು ಸರ್ಕಾರ. ಬೆಂಗಳೂರಿನ ಐಐಎಂ ಕಟ್ಟಿದ ಬಾಲಕೃಷ್ಣ ದೋಶಿ ಮುಂಬಯಿಯ ಜೆ.ಜೆ. ಶಾಲೆಯ ಓದನ್ನು ಮುಗಿಸಲೇ ಇಲ್ಲ. ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬಳಿ ಸೇರಿ ಮೊದಲ ಎಂಟು ತಿಂಗಳು ಸಂಬಳವಿಲ್ಲದೆ ದುಡಿದರು. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರೇ. ತಮಾಷೆಯೆಂದರೆ, ಅವರು 1962ರಲ್ಲಿ ಅಹಮದಾಬಾದಿನಲ್ಲಿ ಆರಂಭಿಸಿದ ಶಾಲೆಯೇ ಇಂದಿನ ಸೆಪ್ಟ್ ವಿಶ್ವವಿದ್ಯಾಲಯ. ಅದರ ಹೆಸರೂ ದೊಡ್ಡದು, ಶುಲ್ಕವೂ ಸಣ್ಣದಲ್ಲ.

ಈ ವೃತ್ತಿಯ ಇನ್ನೊಂದು ಗುಟ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ. 1972ರ ಕಾಯ್ದೆಯ ಪ್ರಕಾರ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಲು ಬೇಕಾದದ್ದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ. ಅದು ಬಿ.ಆರ್ಕ್‌ಗೇ ಸಿಗುತ್ತದೆ. ಮನೆಮಾತಾದ ಕಾಲೇಜಿನವರಿಗೂ ಯಾರೂ ಕೇಳರಿಯದ ಕಾಲೇಜಿನವರಿಗೂ ಪಟ್ಟಿ ಒಂದೇ. ಎಂ.ಆರ್ಕ್ ಬೇಕಾಗುವುದು ಕಾಲೇಜಿನಲ್ಲಿ ಪಾಠ ಹೇಳಲು, ಇಲ್ಲವೇ ಒಂದು ವಿಷಯವನ್ನು ಆಳವಾಗಿ ಕಲಿಯಲು. ಆದ್ದರಿಂದ ಯಾವ ಕಾಲೇಜು ಎಂಬುದಕ್ಕಿಂತ ಮೊದಲು ಯಾತಕ್ಕೆ ಎಂದು ಕೇಳಬೇಕು.

ಕೇಳಿದೆ. "ಹೇಮಾವತಿಯಂಥ ಕಡೆ ಕೆಲಸ ಮಾಡಬೇಕು, ಮಾವ" ಎಂದಳು. ಮಡಕಶಿರಾ ಸೀಮೆಯ ಹೇಮಾವತಿ ಹಿಂದೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ಅವಳು ಪೆನ್ಸಿಲಿನಲ್ಲಿ ಬರೆದು ತಂದಿದ್ದಳು. ಅದೇ ಪುಸ್ತಕದಲ್ಲಿ ನಮ್ಮ ಹಳೆಯ ಮನೆಯ ಮಾಳಿಗೆಯೂ ಇತ್ತು: ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಬಡಿದು ಕೂರಿಸಿದ ಚೌಳು ಮಣ್ಣು. ಮಳೆಗಾಲಕ್ಕೆ ಮುಂಚೆ ಎಷ್ಟು ಮಣ್ಣು ಹಾಕುತ್ತಾರೆಂಬುದನ್ನೂ ಅಜ್ಜಿಯನ್ನು ಕೇಳಿ ಬರೆದುಕೊಂಡಿದ್ದಳು. ಏಪ್ರಿಲ್ ಬಿಸಿಲಿನಲ್ಲಿ ಆರ್‌ಸಿಸಿ ಮನೆಯವರು ಫ್ಯಾನ್ ಕೆಳಗೆ ಬೇಯುವಾಗ ಆ ಮಾಳಿಗೆಯಡಿ ಮಧ್ಯಾಹ್ನದ ನಿದ್ದೆ ಹೇಗೆ ಬರುತ್ತದೆಂದು ನನಗೆ ಗೊತ್ತು.

ಇಂಥ ಕೆಲಸ ಕೊಡುವವರಿದ್ದಾರೆ, ಆದರೆ ತಿಂಗಳಿಗೆ 53 ಸಾವಿರ ಕಂತು ಕಟ್ಟುವಷ್ಟು ಕೊಡುವವರಿಲ್ಲ. ಸಾಲ ಹೊತ್ತವಳು ಮಾಲ್‌ಗಳಿಗೆ, ಅಪಾರ್ಟ್‌ಮೆಂಟ್‌ಗಳಿಗೆ ನಕ್ಷೆ ಬರೆಯಬೇಕಾಗುತ್ತದೆ. ಅದೇನೂ ಕೀಳು ಕೆಲಸವಲ್ಲ, ಆದರೆ ಅವಳಿಗೆ ಬೇಕಾದದ್ದಲ್ಲ. ಭಾವನವರು ಹೇಳಿದ ನೆಂಟರು ಬಾಗಿಲು ತೆರೆಸಬಲ್ಲರು ನಿಜ. ಆ ಬಾಗಿಲು ಹೇಮಾವತಿಯಲ್ಲಿಲ್ಲ.

ಕಡೆಗೆ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆ ಬರೆದಳು. ಅದರಲ್ಲಿ ಆರ್ಕಿಟೆಕ್ಚರಿಗೇ ಒಂದು ಪತ್ರಿಕೆಯಿದೆ. ಪಾಸಾಗಿ ಕೇಂದ್ರದ ಸಂಸ್ಥೆಗಳಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. 24 ತಿಂಗಳಿಗೆ ಹತ್ತಿರ ಹತ್ತಿರ 3 ಲಕ್ಷ. ವಿಜಯವಾಡದ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್ (ಎಸ್‌ಪಿಎ) ಹತ್ತಿರವಿತ್ತು, ಆದರೆ 2008ರಲ್ಲಿ ಆರಂಭವಾದ ಭೋಪಾಲದ ಎಸ್‌ಪಿಎಯನ್ನು ಹಳೆಯ ಕಟ್ಟಡಗಳ ಸಂರಕ್ಷಣೆ ಕಲಿಯಲೆಂದು ಆರಿಸಿಕೊಂಡಳು. ಊರಿನಲ್ಲಿ ಆ ಹೆಸರು ಕೇಳಿ ಯಾರೂ ಹುಬ್ಬೇರಿಸಲಿಲ್ಲ. ಭಾವನವರಿಗೆ ಇನ್ನೂ ಸ್ವಲ್ಪ ಬೇಸರವಿದೆ, ಮನೆಯ ಪತ್ರ ಮಾತ್ರ ಬೀರುವಿನಲ್ಲೇ ಇದೆ.

ಮಕ್ಕಳನ್ನು ಇಂಥ ಓದಿಗೆ ಕಳಿಸುವವರಿಗೆ ನಾನು ಹೇಳುವುದಿಷ್ಟೇ. ಬ್ಯಾಂಕಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ತಿಂಗಳ ಕಂತು ಬರೆಯಿರಿ. ಪಕ್ಕದಲ್ಲಿ, ಮಗ ಅಥವಾ ಮಗಳು ನಿಜವಾಗಿ ಮಾಡಬೇಕೆಂದಿರುವ ಕೆಲಸಕ್ಕೆ ಸಿಗುವ ಸಂಬಳ ಬರೆಯಿರಿ. ಬೇರೆಯವರು ಹಣ ಕೊಟ್ಟು ಕಳಿಸುವುದಾದರೆ ಎಷ್ಟು ದೊಡ್ಡ ಹೆಸರಿದ್ದರೂ ಕಣ್ಣು ಮುಚ್ಚಿ ಹೋಗಲಿ. ಸ್ವಂತ ಸಾಲವಾದರೆ, ಓದಿದ ಮೇಲೆ ಬೇಕಾದ ಕೆಲಸ ಮಾಡಲು ಬಿಡದ ಕಾಲೇಜು ಎಷ್ಟೇ ಹೆಸರಾಂತದ್ದಾಗಿರಲಿ, ಅದು ದುಬಾರಿ.