ರಚನೆಗೆ ಅರ್ಧ ಅಂಕ

ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಉತ್ತರದ ಮೇಲೆ ಅಂಥ ಮೋಹವೇನೂ ಇರಲಿಲ್ಲ. "ಉತ್ತರ ಪುಸ್ತಕದ ಕೊನೇಲಿ ಅಚ್ಚಾಗಿದೆ, ಅದನ್ನ ಹೇಳೋಕೆ ನೀನ್ಯಾಕೆ ಬೇಕು? ಹಂತ ತೋರ್ಸು" ಎನ್ನುತ್ತಿದ್ದರು. ಸಮ ಚಿಹ್ನೆಗಳು ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ ಒಂದರ ಹಿಂದೊಂದು ನೇರ ನಿಲ್ಲಬೇಕು. ಚಿಲ್ಲರೆ ಗುಣಾಕಾರ, ಭಾಗಾಕಾರವೆಲ್ಲ ಬಲಗಡೆ ಗೆರೆಯಾಚೆ ನಡೆಯಬೇಕು. ಸಾಲಿನ ಮೊದಲಿಗೆ 'ಆದ್ದರಿಂದ'ದ ಮೂರು ಚುಕ್ಕಿ. ಏನೂ ತೋಚದವರು ಆ ಮೂರು ಚುಕ್ಕಿಯನ್ನಾದರೂ ದುಂಡಗೆ ಇಟ್ಟು, ಮುಂದಿನದನ್ನು ದೇವರಿಗೆ ಬಿಟ್ಟು ಫ್ಯಾನು ನೋಡುತ್ತ ಕೂರುತ್ತಿದ್ದರು. ಉತ್ತರ ಕೆಟ್ಟರೂ ಹಂತಕ್ಕೆ ಅಂಕ ಉಂಟು ಎಂಬ ಒಂದೇ ನಂಬಿಕೆಯ ಮೇಲೆ ಎಸ್ಸೆಸ್ಸೆಲ್ಸಿ ದಾಟಿದ ಜನ ಈ ನಾಡಿನಲ್ಲಿ ಕಡಿಮೆಯಿಲ್ಲ.

ಬೀಜಗಣಿತದ ಅಪ್ಪ–ಮಕ್ಕಳಷ್ಟು ವಿಚಿತ್ರ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಐದು ವರ್ಷದ ಹಿಂದೆ ತನ್ನ ವಯಸ್ಸು ಮಗನ ವಯಸ್ಸಿನ ಏಳರಷ್ಟಿತ್ತು, ಇನ್ನೈದು ವರ್ಷಕ್ಕೆ ಮೂರರಷ್ಟಾಗುತ್ತದೆ ಎಂಬುದು ಅಪ್ಪನಿಗೆ ಬಾಯಿಪಾಠ. ಈಗೆಷ್ಟು ಎಂದರೆ ಮಾತ್ರ ಗೊತ್ತಿಲ್ಲ. ನಾವು 'ಮಗನ ವಯಸ್ಸು ಎಕ್ಸ್ ಆಗಿರಲಿ' ಎಂದು ಹರಸಿ, ಅಪ್ಪನಿಗೆ 40, ಮಗನಿಗೆ 10 ಎಂದು ತಿಳಿಸಿ ಕಳಿಸಿಕೊಡುತ್ತಿದ್ದೆವು. ವರ್ಗ ಸಮೀಕರಣಕ್ಕೆ ಬಂದರೆ ಇನ್ನೂ ಫಜೀತಿ: ಒಬ್ಬನಿಗೇ ಎರಡು ವಯಸ್ಸು, ಅದರಲ್ಲೊಂದು ಋಣ. 'ವಯಸ್ಸು ಋಣವಾಗಿರಲು ಸಾಧ್ಯವಿಲ್ಲ' ಎಂದು ಬರೆದು ಅದನ್ನು ಬಿಡಬೇಕು.

ಹೀಗೆ ಬಿಡುವ ಶಾಸ್ತ್ರ ಹಳೆಯದು. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಬರೆದ 'ಬೀಜಗಣಿತ'ದಲ್ಲಿ ಒಂದು ಕೋತಿಗಳ ಹಿಂಡು ಬರುತ್ತದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಉಳಿದದ್ದರ ವರ್ಗ ಮಾಡಿದರೆ ಎಷ್ಟೋ ಅಷ್ಟು ಕೋತಿಗಳು ಗವಿ ಹೊಕ್ಕವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಒಟ್ಟು ಎಷ್ಟು? 50 ಎಂದರೂ ತಾಳೆಯಾಗುತ್ತದೆ, 5 ಎಂದರೂ ತಾಳೆಯಾಗುತ್ತದೆ. ಆದರೆ ಐದರ ಐದನೇ ಒಂದು ಭಾಗವೆಂದರೆ ಒಂದೇ ಕೋತಿ. ಅದರಲ್ಲಿ ಮೂರು ಕಳೆಯುವುದು ಹೇಗೆ? ಇಂಥದ್ದನ್ನು ಜನ ಒಪ್ಪುವುದಿಲ್ಲ ಎಂದು ಆಚಾರ್ಯರು 5ನ್ನು ಕೈಬಿಟ್ಟರು. ಲೆಕ್ಕ ಒಪ್ಪಿದ್ದನ್ನೂ ಜನ ಒಪ್ಪಬೇಕಲ್ಲ ಎಂಬ ಈ ಸಂಸಾರಿ ಬುದ್ಧಿ ನನಗೆ ಬಹಳ ಹಿಡಿಸಿತು. ಪರೀಕ್ಷೆಯಲ್ಲಿ ನಾವು ಅದೇ ಕಾರಣ ಬರೆದಿದ್ದರೆ ಕೆಂಪು ಶಾಯಿಯೇ ಗತಿ.

ಬೀಜಗಣಿತ ಹೇಗೋ ನಡೆಯಿತು. ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಮೆಟ್ಟಿಲು. ದತ್ತವೆಂದರೆ ಪ್ರಶ್ನೆಯಲ್ಲಿ ಕೊಟ್ಟದ್ದನ್ನೇ ತಿರುಗಿಸಿ ಬರೆಯುವುದು. ಸಾಧನೀಯವೆಂದರೆ ಅವರು ಕೇಳಿದ್ದನ್ನೇ ಇನ್ನೊಮ್ಮೆ ಬರೆಯುವುದು. ಸಾಧನೆಯನ್ನು ಉರು ಹೊಡೆಯಬಹುದು. ನನ್ನನ್ನು ಕಾಡಿದ್ದು ರಚನೆ. ಪೈಥಾಗೊರಸನ ಪ್ರಮೇಯವನ್ನೇ ನೋಡಿ: ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಒಂದು ಲಂಬ ಎಳೆದುಬಿಟ್ಟರೆ ಒಂದು ತ್ರಿಭುಜ ಒಡೆದು ಎರಡಾಗಿ, ಎರಡೂ ದೊಡ್ಡದನ್ನು ಹೋಲುವಂತಾಗಿ, ಬಾಹುಗಳ ಅನುಪಾತ ಬರೆದು ಕೂಡಿದರೆ ಮುಗಿಯಿತು. ಆದರೆ ಪ್ರಶ್ನೆಯಲ್ಲಿ ಆ ಲಂಬದ ಸುಳಿವೇ ಇಲ್ಲ! ವರ್ಗ ಸಮೀಕರಣದ ಸೂತ್ರವೂ ಹೀಗೇ: ಎರಡೂ ಕಡೆ 4ಎ ಯಿಂದ ಗುಣಿಸಿ, ಬಿ ವರ್ಗ ಕೂಡಿದರೆ ಎಡಗಡೆ ಪೂರ್ಣ ವರ್ಗವಾಗಿ ಕೂರುತ್ತದೆ. ಉಪಾಯ ಶ್ರೀಧರಾಚಾರ್ಯರದೆಂದು ಭಾಸ್ಕರರೇ ಹೆಸರು ಹೇಳಿದ್ದಾರೆ. ಸರಿ, ಶ್ರೀಧರರಿಗೆ ಯಾರು ಹೇಳಿದರು?

"ಆ ಗೆರೆ ಎಳೀಬೇಕು ಅಂತ ಹೆಂಗೆ ಗೊತ್ತಾಯ್ತು ಸಾರ್?" ಎಂದು ಕೇಳಿದ್ದಕ್ಕೆ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ಅದು ಹೊಳೀಬೇಕು ಕಣೋ" ಎಂದರು. ಹಂತ ಹಂತ ಎಂದು ವರ್ಷವಿಡೀ ಗಂಟಲು ಹರಿದುಕೊಂಡವರು ಅಲ್ಲೊಂದು ಕಡೆ ಮಾತ್ರ ಹಂತವೇ ಇಲ್ಲವೆಂದು ಒಪ್ಪಿಬಿಟ್ಟರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ. ಆಮೇಲೆ ಹೊಳೆದದ್ದೂ ಉಂಟು, ಸಾಮಾನ್ಯವಾಗಿ ಹೊಳೆಯಬಾರದ ಜಾಗದಲ್ಲಿ: ಬಚ್ಚಲುಮನೆಯಲ್ಲಿ, ರೇಷನ್ ಅಂಗಡಿಯ ಸೀಮೆಎಣ್ಣೆ ಕ್ಯೂನಲ್ಲಿ. ಪರೀಕ್ಷಾ ಕೊಠಡಿಯಲ್ಲಿ ಅದು ಬರುವುದು ಉತ್ತರಪತ್ರಿಕೆ ಕಟ್ಟಿ ಕೊಟ್ಟಮೇಲೆ.

ಈಗ ತಂಗಿಯ ಮಗಳು ಹತ್ತನೇ ತರಗತಿ. ಲೆಕ್ಕದ ಫೋಟೋ ತೆಗೆದರೆ ಅವಳ ಫೋನಿನಲ್ಲಿ ಹಂತಗಳು ಬಳಬಳನೆ ಉದುರುತ್ತವೆ; ನಮ್ಮ ಮೇಷ್ಟ್ರೂ ಮೆಚ್ಚುವಷ್ಟು ನೀಟು. ಅಲ್ಲೂ ಮೊದಲ ಸಾಲು 'ಲಂಬ ಎಳೆಯಿರಿ' ಎಂದೇ ಶುರು. ಯಾಕೆ ಎಂಬುದಕ್ಕೆ ಫೋನೂ ಮೂಕ.

ಮೊನ್ನೆ ಭಾನುವಾರ ಅವಳಿಗೆ ಒಂದು ತ್ರಾಪಿಜ್ಯ ಎದುರಾಗಿತ್ತು. ಕರ್ಣಗಳು ಒಂದನ್ನೊಂದು ಕತ್ತರಿಸುವಾಗ ಆಗುವ ತುಂಡುಗಳು ಸಮಾನುಪಾತದಲ್ಲಿವೆ ಎಂದು ಸಾಧಿಸಬೇಕು. ಫೋನಿನ ಚಾರ್ಜು ಮುಗಿದಿತ್ತು, ಪುಣ್ಯಕ್ಕೆ ಕರೆಂಟೂ ಇರಲಿಲ್ಲ. ಪೆನ್ಸಿಲ್ ಕಚ್ಚುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಕರ್ಣಗಳು ಸೇರುವ ಬಿಂದುವಿನ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಚುಕ್ಕಿ ಗೆರೆ ಎಳೆದಳು. ಆಮೇಲೆ ಉಳಿದದ್ದೇನು, ಥೇಲ್ಸ್ ಪ್ರಮೇಯವನ್ನು ಎರಡು ಸಲ ಹಾಕಿದರೆ ಆಯಿತು.

"ಆ ಗೆರೆ ಹೇಗೆ ಹೊಳೀತು ಪುಟ್ಟಿ?" ಎಂದೆ, ನಲವತ್ತು ವರ್ಷದ ಬಾಕಿ ವಸೂಲಿಗೆ ಬಂದವನಂತೆ.

"ಗೊತ್ತಿಲ್ಲ ಮಾವ, ಸುಮ್ನೆ ಎಳೆದೆ. ಇದಕ್ಕೆ ಎಷ್ಟು ಮಾರ್ಕ್ಸ್?"

ಪ್ರಮೇಯವಾದರೆ ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೂ ಅರ್ಧ ಎಂದೆ.

"ಪ್ರಶ್ನೆ ನೋಡಿ ಕಾಪಿ ಮಾಡಿದ್ದಕ್ಕೂ ಅರ್ಧ, ಇದಕ್ಕೂ ಅರ್ಧಾನಾ?" ಎಂದು ಕೇಳಿ, ನನ್ನ ಸಮಜಾಯಿಷಿಗೆ ಕಾಯದೆ ಅವಳು ಮುಂದಿನ ಲೆಕ್ಕಕ್ಕೆ ಸ್ಕೇಲು ಇಟ್ಟಳು.