ಗೇರು ಬದಲಿಸುವುದು ಯಾರು?

ಪಾಠಯೋಜನೆಯ ‘ವಿಸ್ತರಣೆ’ ಹಂತಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ಸಾಲು ಬರೆಯುತ್ತೇವೆ: ‘ದೈನಂದಿನ ಜೀವನದ ಉದಾಹರಣೆಗಳನ್ನು ಪಟ್ಟಿ ಮಾಡಿಸುವುದು.’ ಎಂಟನೆಯ ತರಗತಿಯ ‘ಬಲ ಮತ್ತು ಒತ್ತಡ’ ಘಟಕವಾದರೆ ಬಸ್ಸಿನ ಬ್ರೇಕು, ಸರ್ವಿಸ್ ಸ್ಟೇಷನ್ನಿನ ಲಿಫ್ಟು, ಜೆಸಿಬಿ. ಮಕ್ಕಳು ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ. ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಾಗ ಆ ಪಟ್ಟಿಯನ್ನು ಬಿಟ್ಟು ಒಂದೇ ಉದಾಹರಣೆಗೆ ಎರಡು ಅವಧಿ ಕೊಟ್ಟೆ. ಅದು ಆಟೋಮ್ಯಾಟಿಕ್ ಗೇರು.

ಇದನ್ನು ಆರಿಸಿದ್ದು ಮಕ್ಕಳೇ ಎನ್ನಬೇಕು. ಆ ತರಗತಿಯಲ್ಲಿ ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಟೆಂಪೊ ಚಾಲಕರ ಮಕ್ಕಳಿದ್ದರು, ಟ್ರ್ಯಾಕ್ಟರ್ ಇದ್ದ ಮನೆಯವರಿದ್ದರು. ಯಾವ ಏರಿಗೆ ಯಾವ ಗೇರು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೆಂಗಳೂರಿನ ವೋಲ್ವೊ ಸಿಟಿ ಬಸ್ಸಿನ ಡ್ರೈವರ್ ಗೇರನ್ನೇ ಮುಟ್ಟುವುದಿಲ್ಲ ಎಂಬ ಮಾತು ಬಂದಾಗ ಒಬ್ಬ ಹುಡುಗ ಕೇಳಿದ: “ಮಿಸ್, ಕ್ಲಚ್ಚೇ ಇಲ್ಲ ಅಂದ್ರೆ ಗೇರ್ ಯಾರು ಹಾಕ್ತಾರೆ?” ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಗಾಡಿಗೇ ಗೊತ್ತಾಗುತ್ತೆ ಕಣೋ.” ಇನ್ನೊಬ್ಬಳು ತಿದ್ದಿದಳು: “ಅದರೊಳಗೆ ಕಂಪ್ಯೂಟರ್ ಇರುತ್ತೆ.” ತರಗತಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಈ ಎರಡೂ ಉತ್ತರಗಳು ಪ್ರಶ್ನೆಯ ಬಾಗಿಲು ಮುಚ್ಚುತ್ತವೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ‘ಹೈಡ್ರಾ-ಮ್ಯಾಟಿಕ್’ ಎಂಬ ತಾನೇ ಗೇರು ಬದಲಿಸುವ ಪೆಟ್ಟಿಗೆ ಕೂರಿಸಿದಾಗ ಕಾರಿನಲ್ಲಿ ಯಾವ ಕಂಪ್ಯೂಟರೂ ಇರಲಿಲ್ಲ. ಇದ್ದದ್ದು ಎಣ್ಣೆ, ಪಂಪು, ಸ್ಪ್ರಿಂಗು ಮತ್ತು ವಾಲ್ವುಗಳು.

ಮಾರ್ಗದರ್ಶಕ ಶಿಕ್ಷಕರು ಪಾಠಯೋಜನೆ ನೋಡಿ, “ಪಠ್ಯದಲ್ಲಿ ಇಲ್ಲದ್ದು ಯಾಕಮ್ಮ? ಅವಧಿಗಳೇ ಕಡಿಮೆ,” ಎಂದರು. ಅವರ ಮಾತು ನ್ಯಾಯವಾದದ್ದೇ. ದ್ರವಗಳು ಪಾತ್ರೆಯ ಗೋಡೆಯ ಮೇಲೆ ಒತ್ತಡ ಹಾಕುತ್ತವೆ ಎಂಬುದು ಪಠ್ಯದಲ್ಲಿದೆ. ಆ ಒತ್ತಡವನ್ನು ಕೊಳವೆಯಲ್ಲಿ ಕಳಿಸಿ ಕೆಲಸ ಮಾಡಿಸಬಹುದು ಎಂಬ ಒಂದು ಹೆಜ್ಜೆಯನ್ನಷ್ಟೇ ಸೇರಿಸುತ್ತೇನೆ ಎಂದೆ. ಒಪ್ಪಿದರು.

ಬೋಧನೋಪಕರಣಕ್ಕೆ ಖರ್ಚು ಕಡಿಮೆ. ಸೂಜಿ ಇಲ್ಲದ, ಒಂದೇ ಅಳತೆಯ ನಾಲ್ಕು ಹೊಸ ಸಿರಿಂಜು, ಎರಡು ತುಂಡು ಕೊಳವೆ, ಒಂದು ರಟ್ಟು, ರಬ್ಬರ್ ಬ್ಯಾಂಡು, ಬಣ್ಣದ ನೀರು. ಎರಡು ಸಿರಿಂಜುಗಳನ್ನು ರಟ್ಟಿನ ಮೇಲೆ ಎದುರುಬದುರಾಗಿ ಕಟ್ಟಿ, ಅವುಗಳ ದಂಡಗಳನ್ನು ಒಂದಕ್ಕೊಂದು ಬಿಗಿದೆ. ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯಲೇಬೇಕು. ನಡುವೆ ಬಾಣದ ಗುರುತು. ರಟ್ಟಿನ ಮೇಲೆ ‘1’ ಮತ್ತು ‘2’. ಉಳಿದೆರಡು ಸಿರಿಂಜುಗಳು ಕೊಳವೆಯ ತುದಿಯಲ್ಲಿ ಇಬ್ಬರು ಮಕ್ಕಳ ಕೈಗೆ. ಒಬ್ಬಳು ‘ವೇಗ’, ಇನ್ನೊಬ್ಬ ‘ಆಕ್ಸಿಲರೇಟರ್’. ಆಕ್ಸಿಲರೇಟರ್ ಕಡೆಗೆ ರಬ್ಬರ್ ಬ್ಯಾಂಡಿನ ಸಹಾಯ, ಅದು ಸ್ಪ್ರಿಂಗ್. ಯಾರೂ ಒತ್ತದಿದ್ದಾಗ ಬಾಣ ‘1’ರಲ್ಲಿ ನಿಲ್ಲುತ್ತದೆ.

ಗೇರ್‌ಬಾಕ್ಸಿನ ಶಿಫ್ಟ್ ವಾಲ್ವ್ ಇದೇ. ಎಂಜಿನ್ ತಿರುಗಿದಂತೆ ಪಂಪು ಎಣ್ಣೆಗೆ ಒತ್ತಡ ಕೊಡುತ್ತದೆ. ಚಕ್ರಗಳ ಕಡೆಯ ಶಾಫ್ಟಿಗೆ ಸೇರಿದ ಗವರ್ನರ್ ಎಂಬ ಭಾಗ, ಗಾಡಿಯ ವೇಗ ಹೆಚ್ಚಿದಷ್ಟೂ ವಾಲ್ವಿನ ಒಂದು ತುದಿಗೆ ಹೆಚ್ಚು ಒತ್ತಡ ಕಳಿಸುತ್ತದೆ. ಇನ್ನೊಂದು ತುದಿಯಲ್ಲಿ ಸ್ಪ್ರಿಂಗು, ಜೊತೆಗೆ ಆಕ್ಸಿಲರೇಟರ್ ತುಳಿದಷ್ಟೂ ಏರುವ ಒತ್ತಡ. ವೇಗದ ಕಡೆ ಗೆದ್ದಾಗ ವಾಲ್ವು ಸರಿದು, ಎಣ್ಣೆಗೆ ಎರಡನೆಯ ಗೇರಿನ ಕ್ಲಚ್ಚಿನತ್ತ ದಾರಿ ಬಿಡುತ್ತದೆ. ಇಲ್ಲಿ ಹಲ್ಲುಚಕ್ರಗಳು ಸದಾ ಕೂಡಿಕೊಂಡೇ ಇರುತ್ತವೆ. ಯಾವ ಚಕ್ರವನ್ನು ಹಿಡಿದು ನಿಲ್ಲಿಸಬೇಕು, ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎಂಬುದರಿಂದ ಗೇರು ಬದಲಾಗುತ್ತದೆ. ಆ ಹಿಡಿತ ಎಣ್ಣೆಯದು. ಚದರ ಸೆಂಟಿಮೀಟರಿಗೆ 100 ನ್ಯೂಟನ್ ಒತ್ತಡ, ಕ್ಲಚ್ಚಿನ ಪಿಸ್ಟನ್ನಿನ ವಿಸ್ತೀರ್ಣ 50 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬಲ 5000 ನ್ಯೂಟನ್. 50 ಕೆ.ಜಿ.ಯ ಹತ್ತು ಮೂಟೆಗಳ ಭಾರ. ಈ ಲೆಕ್ಕ ಮಾಡಿದ ಮೇಲೆ ಒತ್ತಡದ ಸೂತ್ರವನ್ನು ಬಾಯಿಪಾಠ ಮಾಡಿಸಬೇಕಾಗಲಿಲ್ಲ.

ರಟ್ಟಿನ ಮುಂದೆ ಒಳ್ಳೆಯ ಚರ್ಚೆ ನಡೆಯಿತು. ‘ನಂದಿಬೆಟ್ಟ ಹತ್ತುತ್ತಿದ್ದೀರಿ’ ಎಂದೆ. ಆಕ್ಸಿಲರೇಟರ್ ಹುಡುಗ ಬಲವಾಗಿ ಒತ್ತಿದ. ಬಾಣವನ್ನು ‘2’ಕ್ಕೆ ತರಲು ವೇಗದ ಹುಡುಗಿ ಇನ್ನೂ ಬಲವಾಗಿ ಒತ್ತಬೇಕಾಯಿತು. ಏರಿನಲ್ಲಿ ಮೇಲಿನ ಗೇರು ತಡವಾಗಿ ಬೀಳುವುದು ಇದರಿಂದಲೇ. ಅವಳ ಕೈ ಸೋತಾಗ ಬಾಣ ತಾನಾಗಿ ‘1’ಕ್ಕೆ ಮರಳಿತು. “ಏರಲ್ಲಿ ಗಾಡಿ ನಿಧಾನ ಆದ್ರೆ ಗೇರ್ ಇಳಿಸ್ತಾರಲ್ಲ, ಅದೇ!” ಎಂದ ಟೆಂಪೊ ಚಾಲಕರ ಮಗ. ಒಂದು ಗುಂಪಿನ ಕೊಳವೆಯಲ್ಲಿ ಗಾಳಿ ಗುಳ್ಳೆ ಉಳಿದಿತ್ತು. ಎಷ್ಟು ಒತ್ತಿದರೂ ಬಾಣ ಮೆಲ್ಲಗೆ ಕದಲಿತು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದು ತೀರ ಕಡಿಮೆ. ಮೆಕ್ಯಾನಿಕ್ಕು ಬ್ರೇಕಿನ ‘ಏರ್ ತೆಗೆಯುವುದು’ ಯಾಕೆಂದು ಆಗ ಅವರೇ ಹೇಳಿದರು. ಗೇರ್‌ಬಾಕ್ಸಿನಲ್ಲಿ ಎಣ್ಣೆ ಕಡಿಮೆಯಾಗಿ ಪಂಪು ಗಾಳಿ ಎಳೆದರೂ ಇದೇ ಕಥೆ: ಒತ್ತಡ ಬೀಳುತ್ತದೆ, ಕ್ಲಚ್ಚು ಜಾರುತ್ತದೆ.

ಎರಡನೆಯ ಅವಧಿಯ ಕೊನೆಗೆ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಗೆ ಬಂದೆವು. ವಿಶ್ವೇಶ್ವರಯ್ಯನವರ ಭಾವಚಿತ್ರ ಇಲ್ಲದ ಶಾಲೆ ನಮ್ಮ ಜಿಲ್ಲೆಯಲ್ಲಿ ಸಿಗುವುದು ಅಪರೂಪ. 1903ರಲ್ಲಿ ಪುಣೆ ಬಳಿಯ ಖಡಕ್ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಗೇಟುಗಳು, ನೀರು ನಿಗದಿತ ಮಟ್ಟ ಮೀರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚುತ್ತಿದ್ದವು. ಅಲ್ಲೂ ‘ಗೊತ್ತಾಗುವುದು’ ಯಾರಿಗೂ ಅಲ್ಲ. ನೀರಿಗೂ ಗೇಟಿಗೂ ನಡುವಿನ ತೂಕದ ಲೆಕ್ಕ ಅಷ್ಟೆ.

ಇದನ್ನು ಪ್ರಯತ್ನಿಸುವವರಿಗೆ ಎರಡು ಎಚ್ಚರಿಕೆ. ಇಂದಿನ ಗಾಡಿಗಳಲ್ಲಿ ಯಾವಾಗ ಬದಲಿಸಬೇಕೆಂಬ ಲೆಕ್ಕವನ್ನು ಕಂಪ್ಯೂಟರೇ ಮಾಡುತ್ತದೆ, ವಿದ್ಯುತ್ತಿನ ಸಣ್ಣ ವಾಲ್ವುಗಳನ್ನು ತೆರೆಯುತ್ತದೆ. ಆದರೆ ಇಂಥ ಗೇರ್‌ಬಾಕ್ಸುಗಳಲ್ಲಿ ಕ್ಲಚ್ಚನ್ನು ಒತ್ತುವುದು ಈಗಲೂ ಎಣ್ಣೆ. ಮಗು ‘ಕಂಪ್ಯೂಟರ್’ ಎಂದರೆ ತಪ್ಪೆನ್ನಬೇಡಿ, ‘ಆಮೇಲೆ?’ ಎಂದು ಕೇಳಿ. ಎರಡನೆಯದು, ನಮ್ಮ ಊರುಗಳಲ್ಲಿ ಕಾಣುವ ಕ್ಲಚ್ ಪೆಡಲ್ ಇಲ್ಲದ ಕಾರುಗಳಲ್ಲಿ ಹಲವು ಎಎಂಟಿ ಬಗೆಯವು. ಅವುಗಳ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ.

ಮೌಲ್ಯಮಾಪನದಲ್ಲಿ ‘ಏರಿನಲ್ಲಿ ಗೇರು ತಡವಾಗಿ ಏರುವುದೇಕೆ?’ ಎಂದು ಕೇಳಿದ್ದೆ. ಹೆಚ್ಚಿನವರು ‘ಆಕ್ಸಿಲರೇಟರ್ ಕಡೆಯ ಒತ್ತಡ ಜಾಸ್ತಿ’ ಎಂದು ಬರೆದರು. ಕೆಲವರು ಮತ್ತೆ ‘ಗಾಡಿಗೆ ಗೊತ್ತಾಗುತ್ತದೆ’ ಎಂದೇ ಬರೆದರು. ಅವರ ಉತ್ತರದ ಕೆಳಗೆ ಅಂಕದ ಬದಲು ಒಂದು ಪ್ರಶ್ನೆ ಬರೆದುಕೊಟ್ಟೆ: ‘ಗೊತ್ತಾಗಲು ಯಾವುದು ಯಾವುದನ್ನು ತಳ್ಳಬೇಕು?’ ಶಿಡ್ಲಘಟ್ಟದ ಶಾಲೆಯಲ್ಲಿ ಅಭ್ಯಾಸ ಬೋಧನೆ ಮಾಡುತ್ತಿದ್ದ ಸಹಪಾಠಿಯೊಬ್ಬರು ಆ ರಟ್ಟನ್ನು ಒಯ್ದು ಅಲ್ಲೂ ಇದೇ ಪ್ರಶ್ನೆಯಿಂದ ಪಾಠ ಆರಂಭಿಸಿದರು. ರಟ್ಟು ಈಗ ನಮ್ಮ ಕಾಲೇಜಿನ ವಿಜ್ಞಾನ ಕೊಠಡಿಯಲ್ಲಿದೆ, ಬೇಕಾದವರು ಒಯ್ಯಬಹುದು. ರಬ್ಬರ್ ಬ್ಯಾಂಡು ಮಾತ್ರ ಹೊಸದು ಹಾಕಿಕೊಳ್ಳಿ.