ಕೆಟ್ಟ ಕಾರ್ಡು ಕಲಿಸಿದ ಪಾಠ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೊಂದು ಹಿತವಚನವನ್ನು ಬರೆಯುವುದು ವಾಡಿಕೆ. ಈ ಸಲ ಹಿತವಚನಕ್ಕೆ ಬದಲಾಗಿ ನನ್ನದೇ ಒಂದು ತಪ್ಪನ್ನು ಬರೆಯಬೇಕೆಂದಿರುವೆನು.

2019ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನಮ್ಮ ಕಂಪ್ಯೂಟರ್ ಕೊಠಡಿಯ ಒಂದು ಯಂತ್ರಕ್ಕೆ ಅಂತರ್ಜಾಲದ ಸಂಪರ್ಕವು ತಪ್ಪಿಹೋಯಿತು. ಮೂಲೆಯಲ್ಲಿದ್ದ ಹಳೆಯ ಯಂತ್ರದಲ್ಲಿ ಒಳ್ಳೆಯ ನೆಟ್‌ವರ್ಕ್ ಕಾರ್ಡೊಂದಿತ್ತು. ಅದನ್ನು ತೆಗೆದು ಇದಕ್ಕೆ ಹಾಕಿದರಾಯಿತೆಂದು, ಪರೀಕ್ಷಾಕಾಲದ ಅವಸರದಲ್ಲಿ ನಾನೇ ಕೈಹಾಕಿದೆನು. ಯಂತ್ರವನ್ನು ನಿಲ್ಲಿಸಿದೆನೇ ಹೊರತು ಪ್ಲಗ್ಗನ್ನು ಕೀಳಲಿಲ್ಲ. ಅಂದು ನಾನು ಉಟ್ಟಿದ್ದುದು ನೈಲಾನ್ ಸೀರೆ. ಹವೆಯೋ ಬಹಳ ಒಣಗಿತ್ತು. ಕಾರ್ಡನ್ನು ಅಂಗೈಯಲ್ಲಿ ಹಿಡಿದು ಕೊಠಡಿಯ ಉದ್ದಕ್ಕೂ ನಡೆದು ಬಂದೆನು. ಹಾಕಿದೊಡನೆ ಅದು ಕೆಲಸಮಾಡಿತು, ನಾನೂ ಹಿಗ್ಗಿದೆನು.

ನಾಲ್ಕನೆಯ ದಿನ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಯಂತ್ರದ ಮುಂದೆ ಕುಳಿತಿರುವಾಗ ಕಾರ್ಡು ಕೆಟ್ಟುಹೋಯಿತು. "ಏನು ಮಾಡಿದೆ?" ಎಂದು ಎಲ್ಲರೂ ಅವಳನ್ನೇ ಕೇಳಿದರು, ನಾನೂ ಕೇಳಿದೆನು. "ಏನೂ ಮಾಡಲಿಲ್ಲ, ಮಿಸ್" ಎಂದು ಅವಳು ಅತ್ತಳು. ನಾನು ನಂಬಲಿಲ್ಲ.

ಆ ರಾತ್ರಿ ಈ ವಿಷಯವನ್ನು ಕುರಿತು ಓದಿದೆನು. ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ತು ಸುಮಾರು 3,000 ವೋಲ್ಟಿನಷ್ಟಾಗುವ ತನಕ ಅದರ ಕಿಡಿಯು ನಮ್ಮ ಬೆರಳಿಗೆ ತಿಳಿಯುವುದಿಲ್ಲ. ಸೂಕ್ಷ್ಮವಾದ ಚಿಪ್‌ಗಳಾದರೋ 100 ವೋಲ್ಟಿಗಿಂತ ಕಡಮೆಯಲ್ಲಿಯೂ ಕೆಡಬಲ್ಲವು. ಕೆಲವು ಕೂಡಲೇ ಕೆಡದೆ, ಒಳಗೇ ಪೆಟ್ಟುತಿಂದು, ದಿನಗಳು ಕಳೆದ ಮೇಲೆ ನಿಂತುಹೋಗುವವು. ಪ್ಲಗ್ ಇರುವ ತನಕ, ನಿಲ್ಲಿಸಿದ ಯಂತ್ರದೊಳಗೂ 5 ವೋಲ್ಟಿನ ವಿದ್ಯುತ್ತು ಇದ್ದೇ ಇರುವುದು. ಕಾರ್ಡು ನನ್ನಿಂದಲೇ ಕೆಟ್ಟಿತೆಂದು ಸಾಧಿಸಲಾಗದು. ಆದರೆ ಆ ಮಗುವಿನಿಂದ ಕೆಟ್ಟಿತೆನ್ನಲು ಯಾವ ಕಾರಣವೂ ಇರಲಿಲ್ಲ. ಮರುದಿನ ಬೆಳಗಿನ ಪ್ರಾರ್ಥನೆಯಾದ ಮೇಲೆ ಎಲ್ಲರೆದುರಿಗೆ ನನ್ನ ತಪ್ಪನ್ನು ಹೇಳಿ, ಅವಳ ಕ್ಷಮೆಯನ್ನು ಬೇಡಿದೆನು.

ಆಮೇಲೆ ನಾವೆಲ್ಲರೂ ಸರಿಯಾದ ಕ್ರಮವನ್ನು ಕಲಿತೆವು. ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನೂ ಇತರ ತಂತಿಗಳನ್ನೂ ಕಿತ್ತು, ಚಾಲೂ ಮಾಡುವ ಗುಂಡಿಯನ್ನು ಕೆಲವು ಕ್ಷಣ ಅದುಮಿ ಉಳಿದ ವಿದ್ಯುತ್ತನ್ನು ಕಳೆಯತಕ್ಕದ್ದು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮೊದಲಿಗೂ ನಡುನಡುವೆಯೂ ಮುಟ್ಟತಕ್ಕದ್ದು. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. ತಿರುಪನ್ನು ತೆಗೆದು, ಸ್ಲಾಟಿಗೆ ಕೊಂಡಿಯಿದ್ದರೆ ಸಡಿಲಿಸಿ, ಕಾರ್ಡನ್ನು ಅಂಚುಗಳಲ್ಲಿ ಹಿಡಿದು ನೇರವಾಗಿ ಮೇಲಕ್ಕೆತ್ತಬೇಕು. ಚಿನ್ನದ ಲೇಪವುಳ್ಳ ಹಲ್ಲುಗಳನ್ನು ಮುಟ್ಟಬಾರದು. ತೆಗೆದುದನ್ನು ಸ್ಥಿರ ವಿದ್ಯುತ್ತನ್ನು ತಡೆಯುವ ಚೀಲದೊಳಗಿಡಬೇಕು, ಚೀಲದ ಮೇಲಲ್ಲ. ಹಾಕುವಾಗ ಸ್ಲಾಟಿನ ಜಾತಿಯನ್ನು ನೋಡಬೇಕು: 1992ರ ಪಿ.ಸಿ.ಐ. ಕಾರ್ಡು 2003ರಲ್ಲಿ ಬಂದ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರುವುದಿಲ್ಲ. ಎರಡು ಬದಿಯಲ್ಲಿಯೂ ಸಮನಾಗಿ ಒತ್ತಬೇಕು. ಕೂರದಿದ್ದರೆ ಬಲವನ್ನು ಹೆಚ್ಚಿಸದೆ ಹೊರತೆಗೆದು ಪರೀಕ್ಷಿಸಬೇಕು. ತಿರುಪನ್ನು ಬಿಗಿದು ಮುಚ್ಚಳ ಹಾಕಿದ ಬಳಿಕವೇ ಪ್ಲಗ್ಗು.

ಹೊಸ ಕಾರ್ಡನ್ನು ಹಾಕಿದವಳು ಆ ಹುಡುಗಿಯೇ. ತಿರುಪನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದ ನನ್ನನ್ನು ಅವಳು ಮೊದಲು ಕೇಳಿದ್ದು, "ಪ್ಲಗ್ ಕಿತ್ತಿದ್ದೀರಾ, ಮಿಸ್?" ಎಂದು.

ತಾಯ್ತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಹೆಣ್ಣುಮಕ್ಕಳು ಯಂತ್ರವನ್ನು ಮುಟ್ಟಲು ಅಂಜದಿರಲಿ. ಅವರ ಕೈಯಲ್ಲಿ ಏನಾದರೂ ಕೆಟ್ಟರೆ, ಗದರಿಸುವ ಮುನ್ನ ಅದು ಮೊದಲು ಯಾರ ಕೈಯಲ್ಲಿತ್ತೆಂದು ವಿಚಾರಿಸಿರಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.